ತೀರ್ಪನ್ನು ಟೀಕಿಸಿದರೆ ನ್ಯಾಯಾಂಗ ನಿಂದನೆಯೇ?

ಪ್ರಶ್ನೆ: ತೀರ್ಪು ಹಿಡಿಸದಿದ್ದರೆ ರಾಜಕಾರಣಿಗಳು ನ್ಯಾಯಾಧೀಶರ ಮೇಲೆ ಹರಿಹಾಯುತ್ತಾರೆ. ಇದು ನ್ಯಾಯಾಂಗ ನಿಂದನೆಯಲ್ಲವೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹರಿಹಾಯ್ದದ್ದು ತೀರ್ಪಿನ ಮೇಲೋ, ನ್ಯಾಯಾಧೀಶರ ಪ್ರಾಮಾಣಿಕತೆಯ ಮೇಲೋ? ಮೊದಲು ಅದನ್ನು ನೋಡಬೇಕು. ನಮ್ಮ ಕೊಡಗಿನ ಕೋವಿಯ ವಿಷಯವನ್ನೇ ತೆಗೆದುಕೊಳ್ಳಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ‘ಈ ತೀರ್ಪು ಸಮಾನತೆಗೆ ವಿರುದ್ಧ’ ಎಂದು ಯಾರಾದರೂ ಮಡಿಕೇರಿಯ ಗಾಂಧಿ ಮೈದಾನದಲ್ಲಿ ಗಂಟೆಗಟ್ಟಲೆ ಭಾಷಣ ಬಿಗಿಯಲಿ, ಅಡ್ಡಿಯಿಲ್ಲ. ಇತ್ಯರ್ಥವಾದ ಪ್ರಕರಣದ ನ್ಯಾಯಯುತ ಟೀಕೆಗೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ.

‘ದುಡ್ಡು ತಿಂದು ಬರೆದ ತೀರ್ಪು’ ಎಂದರೆ ಕಥೆಯೇ ಬೇರೆ. 6 ತಿಂಗಳವರೆಗೆ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೇಳಿದ್ದು ಸತ್ಯ, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಎಂದು ವಾದಿಸಲು 2006ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದರೆ ಪುರಾವೆ ಬೇಕು. ಕೇರಳದ ಮುಖ್ಯಮಂತ್ರಿಯಾಗಿದ್ದಾಗ ನ್ಯಾಯಾಧೀಶರಲ್ಲಿ ವರ್ಗದ್ವೇಷವಿದೆ ಎಂದಿದ್ದ ಇ.ಎಂ.ಎಸ್. ನಂಬೂದಿರಿಪಾಡರನ್ನು ಸುಪ್ರೀಂ ಕೋರ್ಟ್ 1970ರಲ್ಲಿ ತಪ್ಪಿತಸ್ಥರೆಂದೇ ಹೇಳಿತು. ದಂಡವನ್ನು ಮಾತ್ರ 1,000ದಿಂದ 50 ರೂಪಾಯಿಗೆ ಇಳಿಸಿತು!

ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಕರ್ತವ್ಯದ ನಡವಳಿಕೆಯನ್ನು ವಿಧಾನಸಭೆಯಲ್ಲಿ ಚರ್ಚಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 211ನೇ ವಿಧಿ. ಒಳಗೆ ಎತ್ತಲಾಗದ ಮಾತನ್ನು ಹೊರಗೆ ಬಂದು ಮೈಕ್ ಮುಂದೆ ಆಡುವ ಚಾಳಿಗೆ ಏನೆನ್ನಬೇಕು? ತಿರುಗಿ ಉತ್ತರ ಕೊಡಲು ನ್ಯಾಯಮೂರ್ತಿಗಳು ಪತ್ರಿಕಾಗೋಷ್ಠಿ ಕರೆಯುವುದಿಲ್ಲ ಎಂಬ ಧೈರ್ಯ ಇವರಿಗೆ.

ಹಾಗೆಂದು ಬೈಗುಳವೇ ದೊಡ್ಡ ಅಪಾಯ ಎಂದು ನನಗನ್ನಿಸುವುದಿಲ್ಲ. ನೇಮಕ, ಬಡ್ತಿ, ವರ್ಗಾವಣೆ ಯಾರ ಕೈಯಲ್ಲಿದೆ ಎಂಬುದು ಮುಖ್ಯ. ತಹಶೀಲ್ದಾರರನ್ನು ಎತ್ತಂಗಡಿ ಮಾಡಿಸಲು ಶಾಸಕರು ಪತ್ರ ಕೊಡುವುದು ನಮಗೆ ಹೊಸದಲ್ಲ. ನಿಮ್ಮೂರಿನ ಸಿವಿಲ್ ನ್ಯಾಯಾಧೀಶರ ವಿಷಯದಲ್ಲಿ ಆ ಪತ್ರ ನಡೆಯದು. 235ನೇ ವಿಧಿಯ ಪ್ರಕಾರ ಅವರು ಹೈಕೋರ್ಟಿನ ಹಿಡಿತದಲ್ಲಿದ್ದಾರೆ. ಮೇಲಿನ ಹಂತದಲ್ಲಿ ಇಂಥ ಬೇಲಿ ಸಡಿಲವಾಗಿದ್ದಾಗ ಏನಾಯಿತೆಂದು 1973 ತೋರಿಸಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪಿನ ಬೆನ್ನಿಗೇ ಸರ್ಕಾರ, ಅದರಲ್ಲಿ ತನ್ನ ವಿರುದ್ಧ ನಿಂತಿದ್ದ ಕರಾವಳಿಯ ಕೆ.ಎಸ್. ಹೆಗ್ಡೆ ಸೇರಿದಂತೆ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು.

ಇನ್ನು, ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಮೇಲಿನ ಮಾತಿಗೆ ನೀವೇ ನಿಂದನೆ ಅರ್ಜಿ ಹಾಕಬೇಕೆಂದಿದ್ದರೆ, ಮೊದಲು ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಅವರ ಲಿಖಿತ ಒಪ್ಪಿಗೆ ಪಡೆಯಬೇಕು.