282 ಡಾಲರಿಗೆ ವಾರಸುದಾರರು ಬೇಕಾಗಿದ್ದರು: ಇಲಿನಾಯ್ ಯೋಧರೊಬ್ಬರ ಮೂಲದ ಶೋಧ

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪರವಾಗಿ ಹೋರಾಡಿದ್ದ ಆಲ್ಬರ್ಟ್ ಡಿ. ಜೆ. ಕ್ಯಾಷಿಯರ್ 1915ರ ಅಕ್ಟೋಬರ್ 10ರಂದು ಇಲಿನಾಯ್ ರಾಜ್ಯದ ವಾಟರ್‌ಟೌನ್ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಾರ್ಥಿವ ಶರೀರಕ್ಕೆ ಸಮವಸ್ತ್ರ ತೊಡಿಸಿ, ಅವರು ನಾಲ್ಕು ದಶಕ ಬಾಳಿದ್ದ ಸಾನೆಮಿನ್ ಎಂಬ ಸಣ್ಣ ಊರಿನಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಲಾಯಿತು. ಗೋರಿಯ ಕಲ್ಲಿನ ಮೇಲೆ ಹೆಸರು, ತುಕಡಿ, ದಳ ಇಷ್ಟೇ ಇದ್ದವು. ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದು ಸುಮಾರು 282 ಡಾಲರ್. ಈ ಅಲ್ಪ ಮೊತ್ತ ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಆಸ್ತಿಯ ನಿರ್ವಾಹಕರಾಗಿದ್ದ ಡಬ್ಲ್ಯು. ಜೆ. ಸಿಂಗಲ್‌ಟನ್ ಒಂಬತ್ತು ವರ್ಷ ಹುಡುಕಬೇಕಾಯಿತು. ಕಾರಣವೇನೆಂದರೆ, ಕ್ಯಾಷಿಯರ್ ಎಂಬ ಹೆಸರಿನ ಹಿಂದೆ ತಂದೆ, ತಾಯಿ, ಅಣ್ಣತಮ್ಮಂದಿರು ಯಾರೂ ಇರಲಿಲ್ಲ. ಆ ಹೆಸರು ಹೊತ್ತವರು ಅದನ್ನು ತಾವೇ ಇಟ್ಟುಕೊಂಡಿದ್ದರು.

1862ರ ಆಗಸ್ಟ್‌ನಲ್ಲಿ ಬೆಲ್ವಿಡಿಯರ್ ಪಟ್ಟಣದಲ್ಲಿ 95ನೇ ಇಲಿನಾಯ್ ಪದಾತಿ ದಳದ ಜಿ ತುಕಡಿಗೆ ಸೇರಿದಾಗ ಅವರ ವಯಸ್ಸು 19, ಎತ್ತರ ಐದು ಅಡಿ ಮೂರು ಅಂಗುಲ, ಕಸುಬು ಬೇಸಾಯ ಎಂದು ಬರೆದುಕೊಳ್ಳಲಾಗಿತ್ತು. ಬಟ್ಟೆ ಬಿಚ್ಚಿಸಿ ಪರೀಕ್ಷಿಸುವ ಪದ್ಧತಿ ಅಂದು ಅಲ್ಲಿ ಇರಲಿಲ್ಲವೆಂದು ಅದೇ ದಳದ ಹಳೆಯ ಜೊತೆಗಾರರೊಬ್ಬರು ಮುಂದೆ ಹೇಳಿಕೆ ಕೊಟ್ಟಿದ್ದಾರೆ. ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗ್ ಪಟ್ಟಣದ ಮುತ್ತಿಗೆ ಸೇರಿದಂತೆ ದಳ ಕಂಡ ಕದನಗಳಲ್ಲೆಲ್ಲ ಪಾಲ್ಗೊಂಡು 1865ರ ಆಗಸ್ಟ್ 17ರಂದು ಕ್ಯಾಷಿಯರ್ ಸೇನೆಯಿಂದ ಬಿಡುಗಡೆ ಹೊಂದಿದರು. 1869ರ ಹೊತ್ತಿಗೆ ಸಾನೆಮಿನ್‌ಗೆ ಬಂದು ನೆಲೆಸಿ, ಹೊಲದ ಆಳಾಗಿ, ಚರ್ಚಿನ ಕಾವಲು ಮತ್ತು ಶುಚಿಯ ಕೆಲಸ ಮಾಡಿಕೊಂಡು, ಸಂಜೆ ಬೀದಿದೀಪ ಹಚ್ಚಿಕೊಂಡು ಜೀವನ ಸಾಗಿಸಿದರು. 1885ರಲ್ಲಿ ಚೆಸ್‌ಬ್ರೋ ಎಂಬ ರೈತ ಕುಟುಂಬ ಅವರಿಗಾಗಿ ಒಂದು ಪುಟ್ಟ ಮನೆ ಕಟ್ಟಿಸಿಕೊಟ್ಟಿತು. ಅವರು ಹುಟ್ಟಿನಿಂದ ಹೆಣ್ಣು ಎಂಬ ಸಂಗತಿ, 1911ರಲ್ಲಿ ಕೆಲಸ ಕೊಟ್ಟಿದ್ದವರ ಮೋಟಾರು ತಗುಲಿ ಕಾಲು ಮುರಿದಾಗ ವೈದ್ಯರಿಗೆ ತಿಳಿಯಿತು. ಗುಟ್ಟು ಬಯಲಾಗದಂತೆ ಅವರನ್ನು ಕ್ವಿನ್ಸಿಯ ಮಾಜಿ ಸೈನಿಕರ ಆಶ್ರಮಕ್ಕೆ ಸೇರಿಸಲಾಯಿತು. ಆದರೆ ಮರೆವು ಹೆಚ್ಚಿ 1914ರಲ್ಲಿ ವಾಟರ್‌ಟೌನ್‌ಗೆ ಸಾಗಿಸಿದ ಮೇಲೆ ಅದು ಪತ್ರಿಕೆಗಳ ಪಾಲಾಯಿತು. ಅರ್ಧ ಶತಮಾನ ಷರಾಯಿ ತೊಟ್ಟವರಿಗೆ ಅಲ್ಲಿ ಲಂಗ ಉಡಿಸಲಾಯಿತು. ಇಂಗ್ಲಿಷಿನಲ್ಲಿ ಇವರ ಬಗ್ಗೆ ಬರೆಯುವವರು ಯಾವ ಸರ್ವನಾಮ ಬಳಸಬೇಕೆಂದು ಇಂದಿಗೂ ತಡಬಡಿಸುತ್ತಾರೆ. ಕನ್ನಡದ ‘ಅವರು’ ಈ ಮಟ್ಟಿಗೆ ಬರೆಯುವವನ ಕೆಲಸವನ್ನು ಹಗುರ ಮಾಡಿದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಪಶ್ಚಿಮದ ರೈತ ಯೋಧನೊಬ್ಬನ ವಂಶ ಹುಡುಕುವುದು ಸಾಮಾನ್ಯವಾಗಿ ಇಷ್ಟು ಕಷ್ಟವಲ್ಲ. 1850ರ ಜನಗಣತಿಯಿಂದ ಗುಲಾಮರಲ್ಲದ ಪ್ರತಿಯೊಬ್ಬರ ಹೆಸರೂ ದಾಖಲಾಗತೊಡಗಿತು; ಅದಕ್ಕೂ ಮೊದಲು ಮನೆಯ ಯಜಮಾನನ ಹೆಸರೊಂದೇ ಇದ್ದು, ಉಳಿದವರು ಬರಿಯ ಸಂಖ್ಯೆಯಾಗಿದ್ದರು. 1880ರ ಗಣತಿಯು ಯಜಮಾನನಿಗೂ ಮನೆಯವರಿಗೂ ಇರುವ ಸಂಬಂಧವನ್ನು, ತಂದೆತಾಯಿಯರು ಹುಟ್ಟಿದ ನಾಡನ್ನು ಕೇಳಿತು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಸರ್ಕಾರಿ ಭೂಮಿಯಲ್ಲಿ 160 ಎಕರೆ ಪಡೆಯಲು ಐದು ವರ್ಷ ನೆಲೆಸಿ ಉಳಬೇಕಿತ್ತು, ವಲಸೆ ಬಂದವನು ಪೌರತ್ವದ ಕಾಗದವನ್ನೂ ಒದಗಿಸಬೇಕಿತ್ತು; ಆ ಕಡತಗಳಲ್ಲಿ ಮನೆಯ ಅಳತೆ, ಉತ್ತ ನೆಲದ ವಿಸ್ತೀರ್ಣ, ನೆರೆಯವರ ಸಾಕ್ಷಿ ಎಲ್ಲವೂ ಸಿಗುತ್ತವೆ.

ಇವೆಲ್ಲಕ್ಕಿಂತ ಹುಲುಸಾದದ್ದು ಪಿಂಚಣಿಯ ಕಡತ. ಯುದ್ಧದಲ್ಲಿ ಗಾಯಗೊಂಡವರಿಗೆ ಮತ್ತು ಮಡಿದವರ ಅವಲಂಬಿತರಿಗೆ ಎಂದು 1862ರಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು, 1890ರ ಕಾಯ್ದೆಯು ತೊಂಬತ್ತು ದಿನ ಸೇವೆ ಸಲ್ಲಿಸಿ ಈಗ ಮೈಬಗ್ಗಿಸಿ ದುಡಿಯಲಾಗದ ಪ್ರತಿಯೊಬ್ಬ ಯೋಧನಿಗೂ ವಿಸ್ತರಿಸಿತು. 1907ರಲ್ಲಿ ಇಳಿವಯಸ್ಸೇ ಸಾಕೆಂದಾಯಿತು. ಹಣ ಕೊಡುವ ಸರ್ಕಾರ ಪುರಾವೆ ಕೇಳದೆ ಬಿಡುವುದಿಲ್ಲವಷ್ಟೆ. ವಿಧವೆಯು ತನ್ನ ಮದುವೆಯನ್ನು ರುಜುವಾತುಪಡಿಸಬೇಕಿತ್ತು, ಮಕ್ಕಳು ಹುಟ್ಟಿದ ದಿನಕ್ಕೆ ಸೂಲಗಿತ್ತಿಯಿಂದ ಪ್ರಮಾಣಪತ್ರ ತರಬೇಕಿತ್ತು. ಬೇರೆ ದಾಖಲೆಯಿಲ್ಲದ ಕುಟುಂಬಗಳು ಜನನ ಮರಣ ಬರೆದಿಟ್ಟಿದ್ದ ಮನೆಯ ಬೈಬಲ್ಲಿನ ಹಾಳೆಯನ್ನೇ ಹರಿದು ವಾಷಿಂಗ್ಟನ್‌ಗೆ ಕಳಿಸಿದ್ದುಂಟು. 1898ರಲ್ಲಿ ಪಿಂಚಣಿ ಇಲಾಖೆಯು ಹೆಂಡತಿಯ ತವರಿನ ಹೆಸರೇನು, ಮದುವೆ ಮಾಡಿಸಿದವರು ಯಾರು, ಬದುಕಿರುವ ಮಕ್ಕಳು ಎಷ್ಟು ಎಂದು ಪ್ರಶ್ನಾವಳಿಯನ್ನೇ ಹಂಚಿತು. ಉತ್ತರಿಸಿದವರಿಗೆ ಅದು ಕಿರಿಕಿರಿಯ ಕಾಗದವಾಗಿದ್ದಿರಬೇಕು. ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಅದೇ ಬರೆದಿಟ್ಟ ವಂಶಾವಳಿ.

ಈ ಎಲ್ಲ ದಾಖಲೆಗಳ ಹಿಂದೆ ಒಂದು ಊಹೆಯಿದೆ, ಕ್ಯಾಷಿಯರ್ ಪ್ರಕರಣ ಕಗ್ಗಂಟಾಗುವುದು ಅಲ್ಲಿಯೇ. ನೆಲವುಳ್ಳವನು, ಮದುವೆಯಾದವನು, ಹೆಸರು ಬದಲಿಸದವನು ಕಾಗದದಲ್ಲಿ ಉಳಿಯುತ್ತಾನೆ. ಇನ್ನೊಬ್ಬರ ಹೊಲದಲ್ಲಿ ದುಡಿದು, ಇನ್ನೊಬ್ಬರು ಕಟ್ಟಿಸಿಕೊಟ್ಟ ಮನೆಯಲ್ಲಿ ಒಂಟಿಯಾಗಿ ಮಲಗಿದವರಿಗೆ ಭೂಮಿಯ ಕಡತವಿಲ್ಲ, ಮದುವೆಯ ಪ್ರಮಾಣಪತ್ರವಿಲ್ಲ, ಸೂಲಗಿತ್ತಿಯ ಸಾಕ್ಷಿಯಿಲ್ಲ. ಓದುಬರಹ ಬಾರದವರಾದ್ದರಿಂದ ಅವರ ಕೈಬರಹದ ಪತ್ರವೊಂದರಿಂದ ಊರಿನ ಸುಳಿವು ಹಿಡಿಯುವ ದಾರಿಯೂ ಮುಚ್ಚಿತ್ತು.

1914ರಲ್ಲಿ ಸುದ್ದಿ ಹಬ್ಬಿದಾಗ, ಬೇರೊಬ್ಬ ಯೋಧನ ಪಿಂಚಣಿಯನ್ನು ಹೆಂಗಸೊಬ್ಬಳು ಲಪಟಾಯಿಸುತ್ತಿರಬಹುದೆಂಬ ಸಂಶಯದಿಂದ ಪಿಂಚಣಿ ಇಲಾಖೆ ತನಿಖೆಗೆ ಇಳಿಯಿತು. ತನಿಖಾಧಿಕಾರಿಗಳು ಹಳೆಯ ಜೊತೆಗಾರರನ್ನು ಹುಡುಕಿ ಹೇಳಿಕೆ ಪಡೆದರು. ವಾಟರ್‌ಟೌನ್‌ನಲ್ಲಿರುವುದು ತಮ್ಮ ತುಕಡಿಯ ಅದೇ ಕುಳ್ಳಗಿನ ಕ್ಯಾಷಿಯರ್ ಎಂದು ಆ ಮುದುಕರು ಗುರುತಿಸಿದರು. ಸೇವೆಯುದ್ದಕ್ಕೂ ತಮಗೆ ಅನುಮಾನ ಬಂದಿರಲಿಲ್ಲವೆಂದೂ ಒಬ್ಬರು ಹೇಳಿದರು. ಹೋರಾಡಿದವರೂ ಪಿಂಚಣಿ ಪಡೆಯುತ್ತಿರುವವರೂ ಒಬ್ಬರೇ ಎಂದು ಇಲಾಖೆ 1915ರಲ್ಲಿ ತೀರ್ಮಾನಿಸಿತು, ಪಿಂಚಣಿ ಮುಂದುವರಿಯಿತು. ಸರ್ಕಾರಕ್ಕೆ ಬೇಕಿದ್ದದ್ದು ಅಷ್ಟೇ. 1862ರಿಂದ ಈಚೆಗೆ ಹೆಸರು ಕೂದಲೆಳೆಯಷ್ಟೂ ತಪ್ಪದೆ ಸಾಗಿಬಂದಿತ್ತು. 1862ರಿಂದ ಆಚೆಗೆ ಹೋಗಲು ಯಾವ ಅಧಿಕಾರಿಗೂ ಕಾರಣವಿರಲಿಲ್ಲ.

ಆ ಕಾರಣವಿದ್ದದ್ದು ಸಿಂಗಲ್‌ಟನ್ ಒಬ್ಬರಿಗೆ. ಕೊನೆಗಾಲದಲ್ಲಿ ಕ್ಯಾಷಿಯರ್ ತಮ್ಮ ಬಾಲ್ಯದ ಬಗ್ಗೆ ಹೇಳಿದ್ದ ಮಾತುಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕೊನೆಗೆ ನಿರ್ವಾಹಕರ ಶೋಧ ತಲುಪಿದ್ದು ಐರ್ಲೆಂಡಿನ ಲೌತ್ ಕೌಂಟಿಯ ಕರಾವಳಿಯ ಹಳ್ಳಿ ಕ್ಲೋಹರ್‌ಹೆಡ್‌ಗೆ: ಪ್ಯಾಟ್ರಿಕ್ ಮತ್ತು ಸ್ಯಾಲಿ ಹಾಡ್ಜರ್ಸ್ ದಂಪತಿಗಳ ಮಗು ಜೆನ್ನಿ, ಹುಟ್ಟಿದ್ದು 1843ರ ಡಿಸೆಂಬರ್ 25ರಂದು. ಈ ದಿನಾಂಕ ನಿಜವಾದರೆ ಸೇನೆಗೆ ಸೇರುವಾಗ ಅವರಿಗೆ 19 ತುಂಬಿರಲಿಲ್ಲ, ನಾಲ್ಕು ತಿಂಗಳು ಬಾಕಿಯಿತ್ತು. ಕ್ರಿಸ್ಮಸ್ ದಿನದ ಜನನವನ್ನು ಕಣ್ಣು ಮುಚ್ಚಿ ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಹುಟ್ಟಿದ ದಿನ ಬರೆದಿಡದ ಬಡ ಮನೆಗಳಲ್ಲಿ ದೊಡ್ಡ ಹಬ್ಬವೇ ಮಗುವಿನ ತಾರೀಖಾಗುವುದು ಹೊಸದೇನಲ್ಲ, ಐರ್ಲೆಂಡಿನಲ್ಲಿ ಜನನಗಳ ಸರ್ಕಾರಿ ನೋಂದಣಿ ಆರಂಭವಾದದ್ದೇ 1864ರಲ್ಲಿ.

ಸಿಂಗಲ್‌ಟನ್ ಹುಡುಕುತ್ತಿದ್ದ ಅದೇ ವರ್ಷಗಳಲ್ಲಿ ಎರಡೂ ದೇಶಗಳ ದಾಖಲೆಗಳಿಗೆ ಬೆಂಕಿ ಬಿದ್ದದ್ದು ಕಾಕತಾಳೀಯ, ಆದರೆ ಇಂದು ಅದೇ ಹಾದಿಯಲ್ಲಿ ನಡೆಯುವವರಿಗೆ ನಷ್ಟ ಸಣ್ಣದಲ್ಲ. 1921ರ ಜನವರಿ 10ರಂದು ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿ ಮತ್ತು ಅದನ್ನು ಆರಿಸಲು ಸುರಿದ ನೀರು ಸೇರಿ 1890ರ ಅಮೆರಿಕದ ಗಣತಿಯ ಹೆಚ್ಚಿನ ಪಾಲನ್ನು ಕೆಡಿಸಿದವು. ಉಳಿದದ್ದನ್ನು ಮುಂದೆ ಸರ್ಕಾರವೇ ನಾಶಪಡಿಸಿತು. 1922ರ ಜೂನ್ 30ರಂದು, ಐರಿಷ್ ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದಲ್ಲಿದ್ದ ದಾಖಲೆಗಳ ಭಂಡಾರ ಸ್ಫೋಟಗೊಂಡು ಉರಿಯಿತು. ಏಳು ವರ್ಷದ ಜೆನ್ನಿ ಎಂಬ ಹುಡುಗಿ ಹಾಡ್ಜರ್ಸ್ ಮನೆಯಲ್ಲಿದ್ದಳೆಂದು ತೋರಿಸಬಹುದಾಗಿದ್ದ 1851ರ ಗಣತಿ ಬಹುಪಾಲು ಸುಟ್ಟುಹೋದದ್ದು ಅಲ್ಲಿ. ಚರ್ಚುಗಳಲ್ಲಿಯೇ ಉಳಿದಿದ್ದ ಕ್ಯಾಥೊಲಿಕ್ ದೀಕ್ಷಾಸ್ನಾನದ ಪುಸ್ತಕಗಳು ಮಾತ್ರ ಬಹುಮಟ್ಟಿಗೆ ಪಾರಾದವು, ಐರಿಷ್ ಮೂಲದ ಅಮೆರಿಕನ್ನರು ಇಂದಿಗೂ ಮೊದಲು ತೆರೆಯುವುದು ಅವನ್ನೇ.

ವಾರಸುದಾರರೆಂದು ಮುಂದೆ ಬಂದವರ ಹಕ್ಕುದಾರಿಕೆ ಯಾವುದೂ ನಂಬಿಕೆ ಹುಟ್ಟಿಸಲಿಲ್ಲ. 282 ಡಾಲರ್ ಇಲಿನಾಯ್‌ನ ಆಡಮ್ಸ್ ಕೌಂಟಿಯ ಖಜಾನೆಗೆ ಜಮೆಯಾಯಿತು. ವಿಕ್ಸ್‌ಬರ್ಗ್ ಕದನದಲ್ಲಿ ಭಾಗಿಯಾದ ಇಲಿನಾಯ್ ಯೋಧರಿಗಾಗಿ 1906ರಲ್ಲಿ ಲೋಕಾರ್ಪಣೆಯಾದ ಸ್ಮಾರಕದೊಳಗೆ 36,000ಕ್ಕೂ ಹೆಚ್ಚು ಹೆಸರುಗಳ ನಡುವೆ ಕ್ಯಾಷಿಯರ್ ಹೆಸರಿದೆ, ಅದನ್ನು ಅಳಿಸಬೇಕೆಂಬ ಪ್ರಶ್ನೆ ಬರಲಿಲ್ಲ. ಸಾನೆಮಿನ್‌ನ ಸ್ಮಶಾನದಲ್ಲಿ 1970ರ ದಶಕದಲ್ಲಿ ಎರಡನೆಯ, ದೊಡ್ಡ ಕಲ್ಲೊಂದನ್ನು ನಿಲ್ಲಿಸಿ, ಆಲ್ಬರ್ಟ್ ಕ್ಯಾಷಿಯರ್ ಎಂಬುದರ ಜೊತೆಗೆ ಜೆನ್ನಿ ಹಾಡ್ಜರ್ಸ್ ಎಂದೂ ಕ್ಲೋಹರ್‌ಹೆಡ್ ಎಂದೂ ಕೆತ್ತಿಸಲಾಯಿತು. ಸೇನೆ ಕೊಟ್ಟ ಮೊದಲ ಕಲ್ಲನ್ನು ಯಾರೂ ಕದಲಿಸಿಲ್ಲ.