ಉಸಿರಿನಿಂದ ಆಡುವ ವಿ.ಆರ್.

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮಳೆಗಾಲದ ಮದ್ದು ಬಿಡುವಾಗ, ಗೊನೆ ತೆಗೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗುವುದು ಹೊಸ ಸಂಗತಿಯಲ್ಲ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದು ಮೂತ್ರದ ಟ್ಯೂಬ್ ಬದಲಿಸುತ್ತಾರೆ, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ. ಅವರು ಹೋದ ಮೇಲೆ ಉಳಿಯುವ ಉದ್ದದ ಹಗಲಿಗೆ ಮಾತ್ರ ಯಾರಲ್ಲೂ ಮದ್ದಿಲ್ಲ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ವಿ.ಆರ್. (ವರ್ಚುವಲ್ ರಿಯಾಲಿಟಿ) ಆಟ ತುಂಡಾದ ನರವನ್ನು ಬೆಸೆಯುವುದಿಲ್ಲ. ಆದರೆ ಕೋಣೆಯ ಮಾಡನ್ನೇ ನೋಡುತ್ತಾ ಮಲಗಿದವರಿಗೆ ಬೇರೊಂದು ಜಾಗಕ್ಕೆ ಹೋಗಿ ಗೆದ್ದು ಸೋತು ಬರಲು ಆಗುವುದಾದರೆ, ಅಷ್ಟೇ ಸಾಕಷ್ಟು ದೊಡ್ಡದು.

ಹೆಡ್‌ಸೆಟ್ ಕೊಳ್ಳುವ ಮೊದಲು ಪೆಟ್ಟು ಯಾವ ಮಟ್ಟದಲ್ಲಾಗಿದೆ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಎದೆಯ ಮಟ್ಟ ಅಥವಾ ಅದಕ್ಕೂ ಕೆಳಗಾದರೆ ಕೈಗಳು ಪೂರ್ತಿ ಇವೆ. ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್‌ನಲ್ಲಿ ಕೂತು ಆಡುವ ಗಡಿಯನ್ನು ಆರಿಸಿ, ಕೂತವರ ನೋಟವನ್ನು ನಿಂತವರ ಎತ್ತರಕ್ಕೇರಿಸುವ ಸೆಟ್ಟಿಂಗ್ ಹಾಕಿದರೆ ಹೆಚ್ಚುಕಡಿಮೆ ಕೆಲಸ ಮುಗಿಯಿತು. ಕುತ್ತಿಗೆಯ ಪೆಟ್ಟಿನಲ್ಲಿ ಒಂದೊಂದು ಮಟ್ಟಕ್ಕೂ ವ್ಯತ್ಯಾಸವಿದೆ. ಸಿ ಎಂದರೆ ಕುತ್ತಿಗೆಯ ನರದ ಮಟ್ಟ. ಸಿ-5 ಉಳಿದಿದ್ದರೆ ಭುಜ ಏಳುತ್ತದೆ, ಮೊಣಕೈ ಮಡಚುತ್ತದೆ. ಸಿ-6 ಇದ್ದರೆ ಮಣಿಕಟ್ಟು ಮೇಲಕ್ಕೆ ಬರುತ್ತದೆ, ಸಿ-7 ಇದ್ದರೆ ಮೊಣಕೈ ನೀಡಲು ಆಗುತ್ತದೆ. ಬೆರಳಿನ ಬಲ ಅದಕ್ಕೂ ಕೆಳಗಿನದು. ಸಿ-4ರವರೆಗೆ ಮಾತ್ರ ಉಳಿದವರಿಗೆ ತಲೆ, ಬಾಯಿ ಮತ್ತು ಉಸಿರು.

ಭುಜ, ಮೊಣಕೈ ಇರುವವರಿಗೆ ಕಂಟ್ರೋಲರನ್ನು ವೆಲ್ಕ್ರೋ ಪಟ್ಟಿಯಿಂದ ಅಂಗೈಗೆ ಕಟ್ಟಬಹುದು. ತೊಂದರೆ ಎರಡು ಕಡೆ ಬರುತ್ತದೆ. ತೋರುಬೆರಳಿನ ಟ್ರಿಗರ್ ಒತ್ತಲಾಗದು. ಆಟವನ್ನು ಕಂಪ್ಯೂಟರಿನ ಸ್ಟೀಮ್‌ವಿಆರ್ ಎಂಬ ತಂತ್ರಾಂಶದ ಮೂಲಕ ಓಡಿಸಿದರೆ ಆ ಕೆಲಸವನ್ನು ಬೇರೆ ಗುಂಡಿಗೆ ಕೊಡಬಹುದು. ಎರಡನೆಯದು, ಕುರ್ಚಿ ಹಿಂದಕ್ಕೆ ಬಾಗಿದಾಗ ಮಡಿಲಲ್ಲಿರುವ ಕೈ ಹೆಡ್‌ಸೆಟ್ಟಿನ ಕ್ಯಾಮೆರಾಗಳ ಕಣ್ಣಿಗೆ ಬೀಳದೆ, ಆಟದೊಳಗಿನ ಕೈ ಎಲ್ಲೋ ತೇಲಿಹೋಗುತ್ತದೆ. ಆದಷ್ಟು ನೆಟ್ಟಗೆ ಕೂರಿಸಿ, ಮಡಿಲಲ್ಲಿ ದಿಂಬಿಟ್ಟು ಕೈಯನ್ನು ಎತ್ತರಿಸಿ. ಕೈ ಸ್ವಲ್ಪವೇ ಆಡುವುದಾದರೆ ವಾಕಿನ್‌ವಿಆರ್ ಎಂಬ ತಂತ್ರಾಂಶ ಆಟದೊಳಗಿನ ಕೈಯ ಜಾಗವನ್ನು ಸರಿಸುತ್ತದೆ, ಸಣ್ಣ ಚಲನೆಯನ್ನು ದೊಡ್ಡದಾಗಿಸುತ್ತದೆ. ಮೊದಲ ಆಟಕ್ಕೆ, ಹಾಡಿನ ತಾಳಕ್ಕೆ ಬರುವ ಪೆಟ್ಟಿಗೆಗಳನ್ನು ಕತ್ತಿಯಿಂದ ಕಡಿಯುವ ಬೀಟ್ ಸೇಬರ್ ಒಳ್ಳೆಯದು: ಒಂದೇ ಕತ್ತಿ, ಬಾಣದ ದಿಕ್ಕಿಲ್ಲ, ಸೋಲಿಲ್ಲ ಎಂಬ ಆಯ್ಕೆಗಳು ಅದರಲ್ಲೇ ಇವೆ.

ಕೈಯೇ ಆಡದವರಿಗೆ ಗುಂಡಿಯಾಗುವುದು ಬಾಯಿಯ ಗಾಳಿ. ಊದುವುದು ಒಂದು ಗುಂಡಿ, ಹೀರುವುದು ಇನ್ನೊಂದು. ಎಂಪಿಎಕ್ಸ್‌ವಿ7002ಡಿಪಿ ಎಂಬ ಒತ್ತಡದ ಸೆನ್ಸರ್ ಇದಕ್ಕೆ ಹೇಳಿಸಿದ್ದು. ಅದು ಅಳೆಯುವುದು ಎರಡೂ ದಿಕ್ಕಿಗೆ 2 ಕಿಲೋಪ್ಯಾಸ್ಕಲ್, ಅಂದರೆ ಸುಮಾರು 20 ಸೆಂ.ಮೀ. ನೀರಿನ ಒತ್ತಡ. 5 ವೋಲ್ಟ್ ಕೊಟ್ಟರೆ ಸುಮ್ಮನಿರುವಾಗ 2.5 ವೋಲ್ಟ್ ಹೊರಡಿಸುತ್ತದೆ, ಪ್ರತಿ ಕಿಲೋಪ್ಯಾಸ್ಕಲಿಗೆ 1 ವೋಲ್ಟ್ ಏರಿಳಿಯುತ್ತದೆ. ಆರ್ಡುಯಿನೋ ಯುನೋ ಎಂಬ ಸಣ್ಣ ಕಂಪ್ಯೂಟರ್ ಬೋರ್ಡಿನ ಎ0 ಕಾಲಿಗೆ (ಪಿನ್ನಿಗೆ) ಜೋಡಿಸಿದರೆ ಸುಮ್ಮನಿರುವಾಗಿನ ಓದು ಹತ್ತಿರಹತ್ತಿರ 512. ಅಲ್ಲಿಂದ 60 ಮೇಲೆ ಹೋದರೆ ಊದು, 60 ಕೆಳಗಿಳಿದರೆ ಹೀರು ಎಂದು ಬರೆಯಿರಿ. 50 ಮಿಲಿಸೆಕೆಂಡಾದರೂ ನಿಲ್ಲದ ಓದನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಗಾಳಿಯ ಕ್ಷಣದ ಅಲುಗಾಟ ಕೂಡ ಗುಂಡಿಯಾಗುತ್ತದೆ. ಬಲ ಬೇಕಿರುವುದು ಶ್ವಾಸಕೋಶದಿಂದಲ್ಲ, ಕೆನ್ನೆಯಿಂದ. ಹಾಗಾಗಿ ಉಸಿರು ದುರ್ಬಲವಾದವರಿಗೂ ಇದು ಸಾಧ್ಯ.

ಆರ್ಡುಯಿನೋದ ಎರಡು ಕಾಲುಗಳಿಂದ ತಲಾ 330 ಓಮ್ ರೆಸಿಸ್ಟರ್ ಹಾಕಿ, ಪಿಸಿ817 ಎಂಬ ಆಪ್ಟೋಕಪ್ಲರ್ (ಬೆಳಕಿನಿಂದ ತೆರೆದು ಮುಚ್ಚುವ ಸ್ವಿಚ್ಚು) ಎರಡನ್ನು ನಡೆಸಿ. ಅವುಗಳ ಇನ್ನೊಂದು ಬದಿ 3.5 ಮಿ.ಮೀ. ಜ್ಯಾಕಿನ ಮೂಲಕ 2018ರಲ್ಲಿ ಬಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿಗೆ, ಅಂದರೆ ಅಂಗವಿಕಲರಿಗೆಂದೇ ಮಾಡಿದ ಆಟದ ಕಂಟ್ರೋಲರಿಗೆ, ಹೋಗುತ್ತದೆ. ಅದರಲ್ಲಿ ಅಂಥ 19 ತೂತುಗಳಿವೆ, ಒಂದೊಂದೂ ಒಂದೊಂದು ಗುಂಡಿ. ಒತ್ತು ಬೀಳದಿದ್ದರೆ ಜ್ಯಾಕಿನ ಎರಡು ತಂತಿ ಅದಲುಬದಲಾಗಿರಬಹುದು.

ಹೆಚ್ಚಿನವರು ಎಡವುವುದು ಬಾಯಿಯ ಗಾಳಿಯನ್ನು ಸೆನ್ಸರಿಗೆ ಒಯ್ಯುವ ನಳಿಗೆಯಲ್ಲಿ. ವೀಲ್‌ಚೇರಿಗೆ ಕಟ್ಟಿದ ನಳಿಗೆ ಟಿ.ವಿ. ಪರದೆಯ ಆಟಕ್ಕೆ ಸಾಕು. ವಿ.ಆರ್.ನಲ್ಲಿ ತಲೆ ತಿರುಗಿದ ಕೂಡಲೇ ತುಟಿಯಿಂದ ತಪ್ಪುತ್ತದೆ. ಹೆಡ್‌ಸೆಟ್ಟಿನ ಪಟ್ಟಿಗೇ ಅಲ್ಯೂಮಿನಿಯಂ ತಂತಿ ಕಟ್ಟಿ, ಅದರ ಮೇಲೆ ನಳಿಗೆ ಹಾಯಿಸಿ, ತಲೆಯ ಜೊತೆಗೇ ತಿರುಗಲಿ. ಎಂಜಲು ಸೆನ್ಸರಿಗೆ ಇಳಿದರೆ ಅದು ಕೆಟ್ಟಿತು; ಸೆನ್ಸರನ್ನು ಬಾಯಿಗಿಂತ ಎತ್ತರದಲ್ಲಿಡಿ, ನಡುವೆ ಗಾಳಿ ಬಿಟ್ಟು ನೀರು ತಡೆಯುವ ಫಿಲ್ಟರ್ ಹಾಕಿ, ಬಾಯಿಯ ತುಂಡನ್ನು ದಿನಾ ಬದಲಿಸಿ.

ಕ್ವೆಸ್ಟ್ 2ರ ತೂಕ 503 ಗ್ರಾಂ, ಅದೂ ಮುಖದ ಕಡೆಗೇ. ಬಲವಿಲ್ಲದ ಕುತ್ತಿಗೆಗೆ ಹಿಂಬದಿ ಬ್ಯಾಟರಿ ಕಟ್ಟಿ ಸಮತೂಕ ಮಾಡಬಹುದು, ಆದರೆ ತಲೆಯೊರಗಿಗೆ ತಾಗಿ ಹೆಡ್‌ಸೆಟ್ ಜಾರದಂತೆ ನೋಡಿ. ಮೊದಲ ದಿನ 10 ನಿಮಿಷ ಸಾಕು. ಸರಸರನೆ ನಡೆಯುವ ಆಟ ಬೇಡ, ಒಂದೆಡೆಯಿಂದ ಇನ್ನೊಂದೆಡೆಗೆ ಹಾರುವಂಥದ್ದನ್ನು ಆರಿಸಿ. ಕಣ್ಣು ಓಡುತ್ತಾ ಒಳಗಿವಿ ಸುಮ್ಮನಿದ್ದರೆ ವಾಂತಿ ಬರುತ್ತದೆ.

ಆಟದ ಗುಂಗಿನಲ್ಲಿ ದೇಹ ಮರೆತುಹೋಗುತ್ತದೆ, ಅದು ನಿಜವಾದ ಅಪಾಯ. 15ರಿಂದ 30 ನಿಮಿಷಕ್ಕೊಮ್ಮೆ ಮುಂದೆ ಬಾಗಿಸಿ ಕುಂಡೆಯ ಮೇಲಿನ ಭಾರ ಇಳಿಸಿ. ಟಿ-6 (ಎದೆಯ ಆರನೇ ಮಟ್ಟ) ಅಥವಾ ಅದಕ್ಕೂ ಮೇಲಿನ ಪೆಟ್ಟಿದ್ದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯತೊಡಗಿ ಮುಖ ಬೆವತರೆ ಆಟದ ಸುಸ್ತೆಂದು ಕೂರಬೇಡಿ. ಟ್ಯೂಬ್ ಮಡಚಿ ಮೂತ್ರಕೋಶ ತುಂಬಿ ಬಿ.ಪಿ. ಏರುತ್ತಿರಬಹುದು. ಹೆಡ್‌ಸೆಟ್ ತೆಗೆದು, ನೆಟ್ಟಗೆ ಕೂರಿಸಿ, ಕಾಲು ಇಳಿಬಿಟ್ಟು, ಬಿಗಿ ಬಟ್ಟೆ ಸಡಿಲಿಸಿ, ಟ್ಯೂಬ್ ನೋಡಿ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ. ಅವರಲ್ಲಿ ಹಲವರಿಗೆ ಪೆಟ್ಟಿನ ಕೆಳಗೆ ಬೆವರುವುದಿಲ್ಲ, ಆದ್ದರಿಂದ ಏಪ್ರಿಲಿನ ಸೆಖೆಯಲ್ಲಿ ಫ್ಯಾನ್ ಬೇಕೇ ಬೇಕು.

ಅಡಿಕೆ ಒಣಗಿಸುವ ಅಂಗಳದ ಬಿಸಿಲಿಗೆ ಮಸೂರ ಒಡ್ಡಿದರೆ ಪರದೆ ಸುಡುತ್ತದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. ಕೈಯಾಡದವರು ಹೆಡ್‌ಸೆಟ್ಟನ್ನು ತಾವಾಗಿ ತೆಗೆಯಲಾರರು. ಕರೆದರೆ ಕೇಳುವಷ್ಟು ದೂರದಲ್ಲಿ ಒಬ್ಬರು ಕೂತು, ಅವರ ನೋಟವನ್ನು ಮೊಬೈಲಿನಲ್ಲಿ ನೋಡುತ್ತಿರಲಿ. ತೆಗೆಯುವ ಮೊದಲು ಹೆಸರು ಹಿಡಿದು ಕರೆಯಿರಿ.