ಸಿಸೇರಿಯನ್‌ಗೆ ಸಹಿ ಹಾಕುವವರು ಯಾರು?

ಸಿಸೇರಿಯನ್ ಹೆಚ್ಚುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಒಂದು ಕಡೆಯವರು ಆಸ್ಪತ್ರೆ ಬಿಲ್ಲಿನ ಮಾತೆತ್ತುತ್ತಾರೆ, ಇನ್ನೊಂದು ಕಡೆಯವರು ‘ಈಗಿನ ಹೆಣ್ಮಕ್ಕಳಿಗೆ ನೋವು ತಡೆಯೋ ಶಕ್ತಿ ಎಲ್ಲಿದೆ’ ಅನ್ನುತ್ತಾರೆ. ಆಪರೇಷನ್ ಮಾಡಿಸಿಕೊಂಡವಳಿಗೆ ಯಾರು, ಯಾವಾಗ, ಏನು ಹೇಳಿದ್ದರು ಎಂದು ಕೇಳುವವರು ಕಡಿಮೆ.

ಸೂಲಗಿತ್ತಿಯರ ಕಾಲ ಮುಗಿದದ್ದು ಬೇಗ. 2005ರಲ್ಲಿ ಆಸ್ಪತ್ರೆ ಹೆರಿಗೆಗೆ ಹಣದ ನೆರವು ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, ಜೊತೆಗೆ ಆಶಾ ಕಾರ್ಯಕರ್ತೆಯರು; ಆಮೇಲೆ ತಾಯಿ ಕಾರ್ಡ್, 108 ಆಂಬುಲೆನ್ಸ್. 2005-06ರಲ್ಲಿ ಕರ್ನಾಟಕದ ಸುಮಾರು ಶೇ 65ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೊತ್ತಿಗೆ ಅದು ಶೇ 97. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅವರ ಕಸುಬು ಹೆಚ್ಚುಕಡಿಮೆ ಮರೆಯಾಗಿತ್ತು. ಬಾಣಂತಿಯರ ಸಾವು ಇಳಿದದ್ದೂ ಇದೇ ಅವಧಿಯಲ್ಲಿ. ಅದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ಸರಿಯಲ್ಲ.

ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ 2015-16ರಲ್ಲಿ ಶೇ 23.6 ಇದ್ದದ್ದು 2019-21ಕ್ಕೆ ಶೇ 31.5 ಆಯಿತು. ಅದೇ ಸಮೀಕ್ಷೆಯಲ್ಲಿ ಇಡೀ ದೇಶದ ಪ್ರಮಾಣ ಶೇ 21.5 ಇತ್ತು; ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3, ಖಾಸಗಿಯಲ್ಲಿ ಶೇ 47.4. ಗರ್ಭಿಣಿಯ ದೇಹ ಆಸ್ಪತ್ರೆಯ ಬೋರ್ಡು ನೋಡಿ ಬದಲಾಗುವುದಿಲ್ಲ. ಕಷ್ಟದ ಹೆರಿಗೆಗಳನ್ನು ಖಾಸಗಿಗೆ ಕಳಿಸುವುದುಂಟು ನಿಜ, ಆದರೆ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣ ಸಾಲದು. ಶೇ 10ರಿಂದ 15 ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1985ರಲ್ಲೇ ಹೇಳಿದ್ದರು. 2015ರಲ್ಲಿ ಸಂಸ್ಥೆ ಮಾತನ್ನು ತುಸು ತಿದ್ದಿತು: ಒಂದು ಅಂಕಿಯ ಬೆನ್ನು ಹತ್ತಬೇಡಿ, ಬೇಕಾದ ಪ್ರತಿಯೊಬ್ಬಳಿಗೂ ಸಿಗುವಂತೆ ನೋಡಿಕೊಳ್ಳಿ.

ಬೇಕೋ ಬೇಡವೋ ಎಂಬುದು ತೀರ್ಮಾನವಾಗುವ ಗಳಿಗೆ ಹೇಗಿರುತ್ತದೆ? ರಾತ್ರಿ ಎರಡು ಗಂಟೆ. ನೋವು ತಿನ್ನುತ್ತಿರುವವಳು ಒಳಗೆ, ಮನೆಯವರು ಬಾಗಿಲಾಚೆ. ‘ನೀರು ಕಮ್ಮಿಯಾಗಿದೆ, ಮಗುವಿನ ಹಾರ್ಟ್‌ಬೀಟ್ ಇಳೀತಿದೆ, ಬೇಗ ಸೈನ್ ಮಾಡಿ.’ ಇಂಗ್ಲಿಷಿನಲ್ಲಿರುವ ಕಾಗದವನ್ನು ಗಂಡ ಓದುವುದಿಲ್ಲ. ಓದುತ್ತಾ ಕೂರುವ ಹೊತ್ತೂ ಅದಲ್ಲ. ಡಾಕ್ಟರ್ ಹೇಳಿದ್ದು ಸರಿಯೇ ಇರಬಹುದು, ಎಷ್ಟೋ ಸಲ ಸರಿಯೇ ಇರುತ್ತದೆ. ಆದರೆ ಅವಳಿಗೆ ಇದೆಲ್ಲ ಗೊತ್ತಾಗುವುದು ಆಪರೇಷನ್ ಮುಗಿದ ಮೇಲೆ, ಅತ್ತೆಯ ಬಾಯಲ್ಲಿ.

ಅವಳ ಪರವಾಗಿ ಬೇರೆಯವರು ಒಪ್ಪಿದರೆ ಸಾಕೇ? 2008ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು, ಹೆರಿಗೆಯ ಪ್ರಕರಣದಲ್ಲಲ್ಲದಿದ್ದರೂ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಅವರ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಜೀವಕ್ಕೆ ಅಪಾಯವಿಲ್ಲದಾಗ, ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕಳ ಬದಲು ತಾಯಿ ಒಪ್ಪಿದರೆ ಅದು ಒಪ್ಪಿಗೆಯಲ್ಲ ಎಂದಿತು ಕೋರ್ಟು. ಆದರೂ ಎಷ್ಟೋ ಕಡೆ ಪೆನ್ನು ಮೊದಲು ಹೋಗುವುದು ಗಂಡನ ಕೈಗೇ.

ಸಿಸೇರಿಯನ್‌ಗಾದರೂ ಒಂದು ಸಹಿ ಇದೆ. ನಾರ್ಮಲ್ ಹೆರಿಗೆಯಲ್ಲಿ ಜನನದ್ವಾರವನ್ನು ಕತ್ತರಿಸಿ ಅಗಲ ಮಾಡುವುದಕ್ಕೆ ಬಹಳ ಕಡೆ ಅದೂ ಇಲ್ಲ. ಎಲ್ಲರಿಗೂ ವಾಡಿಕೆಯಂತೆ ಹೀಗೆ ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ನಮ್ಮಲ್ಲಿ ಹೆಂಗಸರು ‘ಎಷ್ಟು ಹೊಲಿಗೆ ಬಿತ್ತು’ ಎಂದು ಕೇಳುತ್ತಾರೆಯೇ ಹೊರತು ಯಾಕೆ ಬಿತ್ತು ಎಂದಲ್ಲ.

ಮನೆಯವರೇನೂ ಕಡಿಮೆಯಿಲ್ಲ. ಜ್ಯೋತಿಷಿ ಬರೆದುಕೊಟ್ಟ ಮುಹೂರ್ತ ಹಿಡಿದು ಬರುವವರಿದ್ದಾರೆ. ಅಲ್ಲೂ ಅವಳನ್ನು ಕೇಳಿರುತ್ತಾರೆಂಬ ಖಾತ್ರಿ ಇಲ್ಲ.

ತಿಂಗಳು ತಿಂಗಳೂ ತಪಾಸಣೆಗೆ ಹೋಗುವಾಗ ತೂಕ, ಬಿಪಿ, ಸ್ಕ್ಯಾನಿಂಗ್ ಎಲ್ಲ ಆಗುತ್ತದೆ. ಯಾವ ಸ್ಥಿತಿಯಲ್ಲಿ ಆಪರೇಷನ್ ಬೇಕಾಗುತ್ತದೆ ಎಂಬ ಹತ್ತು ನಿಮಿಷದ ಮಾತು ಆಗಬೇಕಾದದ್ದೂ ಅಲ್ಲೇ, ಅವಳು ನೆಮ್ಮದಿಯಾಗಿ ಕೂತು ಕೇಳಬಲ್ಲಾಗ. ಎರಡನೇ ಬಸಿರಿನಲ್ಲಂತೂ ಅದು ತಪ್ಪುವಂತಿಲ್ಲ. ಮೊದಲ ಸಲ ಆಪರೇಷನ್ ಯಾಕೆ ಆಯಿತು, ಗರ್ಭಕೋಶವನ್ನು ಅಡ್ಡಕ್ಕೆ ಕೊಯ್ದರೋ ಉದ್ದಕ್ಕೋ ಎಂಬುದರ ಮೇಲೆ ಈ ಸಲ ನಾರ್ಮಲ್‌ಗೆ ಕಾಯಬಹುದೋ ಇಲ್ಲವೋ ಎಂಬುದು ನಿಂತಿರುತ್ತದೆ. ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿ ಅದನ್ನು ಹೇಳಲಾಗದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಬರೆದಿದೆಯೇ ಎಂದು ಮನೆಗೆ ಹೊರಡುವ ಮುಂಚೆಯೇ ನೋಡಿಕೊಳ್ಳಬೇಕು. ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಬೇಕು.